ಒಂದೇ ಊರು, ಏಳು ದಿನ: ಸ್ಪೇನ್ ಕಡಲತೀರದಲ್ಲಿ ನಡಿಗೆ ಮತ್ತು ಓದು

ಸ್ಪೇನ್‌ಗೆ ಹೊರಟರೆ ಹತ್ತು ದಿನದಲ್ಲಿ ಐದು ಊರು ನೋಡುವ ಆಸೆ ಸಹಜ. ಅಕ್ಕ ಮತ್ತು ನಾನು ಜೂನ್ ಕೊನೆಯ ಏಳು ದಿನ ಕಲೇಯಾ ದೆ ಪಲಫ್ರುಜೆಲ್ ಎಂಬ ಒಂದೇ ಊರಿನಲ್ಲಿ ಇದ್ದೆವು. ಬೆಳಗ್ಗೆ ನಡಿಗೆ, ಮಧ್ಯಾಹ್ನ ಓದು, ಸಂಜೆ ಸಮುದ್ರ. ಅಷ್ಟೇ. ನೀವೂ ಹೀಗೇ ಇರಬೇಕು ಅಂತ ಈ ಬರಹ.

ಮೊದಲೇ ಒಂದು ಎಚ್ಚರಿಕೆ. ಕಲೇಯಾ ಎಂಬ ಹೆಸರಿನ ಇನ್ನೊಂದು ಊರು ಬಾರ್ಸಿಲೋನಾದಿಂದ ಹೋಗುವ ರೈಲು ಮಾರ್ಗದಲ್ಲಿದೆ. ದೊಡ್ಡ ಊರು, ಬೇರೆಯೇ ಊರು. ನಾವು ಮೊದಲು ರೂಮ್ ಬುಕ್ ಮಾಡಿದ್ದೇ ಅಲ್ಲಿ! ರದ್ದು ಮಾಡಲು ಸಮಯವಿತ್ತು, ಬಚಾವಾದೆವು. ಬುಕ್ ಮಾಡುವಾಗ 'ಪಲಫ್ರುಜೆಲ್' ಎಂಬ ಪದ ಇದೆಯಾ ನೋಡಿ. ಈ ಕಡೆಗೆ ರೈಲಿಲ್ಲ. ಬಾರ್ಸಿಲೋನಾದ ಉತ್ತರ ಬಸ್ ನಿಲ್ದಾಣದಿಂದ ಪಲಫ್ರುಜೆಲ್‌ಗೆ ಎರಡು ಗಂಟೆಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಅಲ್ಲಿಂದ ಕಲೇಯಾ ನಾಲ್ಕೈದು ಕಿಲೋಮೀಟರ್.

ಇಲ್ಲಿ ನಡೆಯುವ ದಾರಿಗೆ 'ಕಮಿ ದೆ ರೋಂಡಾ' ಅನ್ನುತ್ತಾರೆ. ಕಳ್ಳಸಾಗಣೆ ತಡೆಯಲು ಕಾವಲುಗಾರರು ಗಸ್ತು ತಿರುಗುತ್ತಿದ್ದ ಹಾದಿ ಇದು. ಬಂಡೆಯ ಅಂಚಿನಲ್ಲೇ ಸಾಗುತ್ತದೆ. ಬಿಳಿ, ಕೆಂಪು ಬಣ್ಣದ ಪಟ್ಟಿ ಕಂಡರೆ ದಾರಿ ಸರಿ ಅಂತ ಅರ್ಥ. ಪಕ್ಕದ ಲ್ಯಾಫ್ರಾಂಕ್‌ಗೆ ಅರ್ಧ ಗಂಟೆ ಸಾಕು, ಮೆಟ್ಟಿಲು ಹತ್ತಬಲ್ಲ ಹಿರಿಯರೂ ಆರಾಮಾಗಿ ಹೋಗಬಹುದು. ಇನ್ನೊಂದು ದಿಕ್ಕಿನಲ್ಲಿ ಎಲ್ ಗೋಲ್ಫೆಟ್ ಎಂಬ ಕಿರುದಂಡೆ ಕಡೆ ಹೋದರೆ ಬಂಡೆ ಕೊರೆದ ಸಣ್ಣ ಸುರಂಗಗಳು ಸಿಗುತ್ತವೆ. ಒಳಗೆ ತಣ್ಣಗೆ ಕತ್ತಲು, ಹೊರಬಂದ ಕೂಡಲೇ ಕಣ್ಣು ಕೋರೈಸುವ ನೀಲಿ.

ಲ್ಯಾಫ್ರಾಂಕ್‌ನಿಂದ ತಮರಿಯು ಎಂಬ ಊರಿನ ತನಕದ ದಾರಿ ಮಾತ್ರ ಹುಷಾರು. ಮೊದಲು ಸಾಂತ್ ಸೆಬಾಸ್ಟಿಯಾ ಲೈಟ್‌ಹೌಸ್‌ವರೆಗೆ ಒಂದೇ ಸಮನೆ ಏರು. 1857ರ ಲೈಟ್‌ಹೌಸ್ ಅದು. ಆಮೇಲೆ ಪೈನ್ ಮರಗಳ ನಡುವೆ ಕಲ್ಲುಕಲ್ಲಿನ ಇಳಿಜಾರು. ಒಟ್ಟು ಎರಡು ಗಂಟೆ ಇಟ್ಟುಕೊಳ್ಳಿ. ನಾವು ಹನ್ನೊಂದಕ್ಕೆ, ಇಬ್ಬರಿಗೂ ಸೇರಿ ಒಂದೇ ಲೀಟರ್ ನೀರು ಹಿಡಿದು ಹೊರಟಿದ್ದು ದೊಡ್ಡ ತಪ್ಪು. ದಾರಿ ಮಧ್ಯೆ ಕಾಲಾ ಪೆದ್ರೋಸಾ ಎಂಬ ಉರುಟು ಕಲ್ಲಿನ ಕಿರುದಂಡೆ ಬರುತ್ತದೆ. ಅಲ್ಲಿ ಕುಳಿತ ಅಕ್ಕನಿಗೆ ತಲೆ ಸುತ್ತಿತು. ತಲೆಗೆ ಒದ್ದೆ ಟವಲ್ ಸುತ್ತಿ, ನೆರಳಿನಲ್ಲಿ ಒಂದು ಗಂಟೆ ಕೂರಿಸಿದ ಮೇಲೆ ಸುಧಾರಿಸಿಕೊಂಡಳು. ಬೆಳಗ್ಗೆ ಏಳೂವರೆಗೆ ಹೊರಡಿ, ಒಬ್ಬೊಬ್ಬರಿಗೆ ಎರಡು ಲೀಟರ್ ನೀರು ಇರಲಿ. ಚಪ್ಪಲಿ ಬೇಡ, ಹಿಡಿತ ಇರುವ ಶೂ ಹಾಕಿ.

ಮಧ್ಯಾಹ್ನ ಎರಡರಿಂದ ಐದರ ತನಕ ಹೆಚ್ಚಿನ ಅಂಗಡಿಗಳು ಬಾಗಿಲು ಹಾಕುತ್ತವೆ. ಅದೇ ಓದುವ ಹೊತ್ತು. ಕಿಟಕಿಯ ಮರದ ಪಟ್ಟಿ ಬಾಗಿಲು ಅರ್ಧ ಮುಚ್ಚಿ, ತಣ್ಣನೆ ನೆಲದ ಮೇಲೆ ದಿಂಬು ಹಾಕಿಕೊಂಡು ಓದುತ್ತಿದ್ದೆವು. ವರ್ಷಗಳಿಂದ ಅರ್ಧಕ್ಕೆ ನಿಂತಿದ್ದ ದಪ್ಪ ಕಾದಂಬರಿಯನ್ನು ನಾನು ನಾಲ್ಕೇ ಮಧ್ಯಾಹ್ನದಲ್ಲಿ ಮುಗಿಸಿದೆ. ಪುಟಗಳ ನಡುವೆ ಗುರುತಿಗೆ ಇಟ್ಟ ಪೈನ್ ಎಲೆಯ ವಾಸನೆ ಇವತ್ತಿಗೂ ಹೋಗಿಲ್ಲ. ಕನ್ನಡ ಪುಸ್ತಕ ಊರಿಂದಲೇ ಒಯ್ಯಿರಿ, ಎರಡಾದರೂ ಇರಲಿ.

ಸಸ್ಯಾಹಾರಿಗಳು ಹೆದರಬೇಕಿಲ್ಲ. 'ಪಾ ಅಂಬ್ ತುಮಾಕೆಟ್' ಕೇಳಿ. ಬ್ರೆಡ್ ಮೇಲೆ ಅರ್ಧಕ್ಕೆ ಕತ್ತರಿಸಿದ ಟೊಮೆಟೊ ತಿಕ್ಕಿ, ಆಲಿವ್ ಎಣ್ಣೆ ಸುರಿದು, ಉಪ್ಪು ಉದುರಿಸಿದರೆ ಮುಗಿಯಿತು. ಬದನೆಕಾಯಿ, ದಪ್ಪ ಮೆಣಸಿನಕಾಯಿ ಸುಟ್ಟು ಮಾಡುವ 'ಎಸ್ಕಲಿವಾದಾ' ನಮ್ಮ ಸುಟ್ಟ ಬದನೆಕಾಯಿಯ ನೆನಪು ತರುತ್ತದೆ. ಸಾಲಡ್‌ಗೆ ಮಾತ್ರ ಕೇಳದೆಯೇ ಟ್ಯೂನಾ ಮೀನು ಹಾಕಿಬಿಡುತ್ತಾರೆ. 'ಸಿನ್ ಕಾರ್ನೆ, ಸಿನ್ ಪೆಸ್ಕಾದೊ' ಅಂದರೆ ಮಾಂಸ, ಮೀನು ಬೇಡ ಅಂತ. ರಾತ್ರಿ ಊಟ ಒಂಬತ್ತರ ಸುಮಾರಿಗೆ, ಹಾಗಾಗಿ ಸಂಜೆಗೆ ಹಣ್ಣು ತಂದಿಟ್ಟುಕೊಳ್ಳಿ.

ಸ್ಪೇನ್ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಷೆಂಗನ್ ವೀಸಾಗೆ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು. ಜುಲೈ, ಆಗಸ್ಟ್‌ನಲ್ಲಿ ಕಡಲತೀರದಲ್ಲಿ ರಶ್ ಜಾಸ್ತಿ. ಜೂನ್ ಅಥವಾ ಸೆಪ್ಟೆಂಬರ್ ಒಳ್ಳೆಯದು. ಜೂನ್‌ನಲ್ಲಾದರೆ ರಾತ್ರಿ ಒಂಬತ್ತರ ತನಕ ಬೆಳಕಿರುತ್ತದೆ. ದಂಡೆಯ ಕಲ್ಲಿನ ಮೇಲೆ ಕೂತು ಇನ್ನೂ ಹತ್ತು ಪುಟ ಓದಬಹುದು.