ಆರಾಮ ಇರೋ ಕೂಸಿಗೆ ಸೂಜಿ ಯಾಕ್ರಿ?

ಮುಧೋಳದಲ್ಲಿ ನನ್ನದೊಂದು ಔಷಧಿ ಅಂಗಡಿ ಇದೆ. ನಮ್ಮ ಕಡೆ ಗುರುವಾರ ಲಸಿಕೆ ಹಾಕುವ ದಿನ, ಹಾಗಾಗಿ ಗುರುವಾರ ಸಂಜೆ ಕೂಸಿನ ಜ್ವರದ ಹನಿ ಕೇಳಿಕೊಂಡು ಬರುವವರೇ ಜಾಸ್ತಿ. ಇನ್ನು ಕೆಲವರು ಬುಧವಾರವೇ ಬರುತ್ತಾರೆ, ಬೇರೆ ಗಿರಾಕಿ ಹೋಗುವವರೆಗೆ ಪಕ್ಕಕ್ಕೆ ನಿಂತು, ಆಮೇಲೆ ಮೆಲ್ಲಗೆ ಕೇಳುತ್ತಾರೆ. "ಅಣ್ಣಾರ, ಕೂಸು ಆರಾಮ ಐತಿ. ಸುಮ್ನ ಸೂಜಿ ಮಾಡಿಸಿ ಜ್ವರ ಯಾಕ ತರಸಬೇಕ್ರಿ? ಮಾಡಸಲೋ ಬ್ಯಾಡೋ, ಖರೇ ಹೇಳ್ರಿ."

ಖರೇ ಹೇಳುತ್ತೇನೆ, ಮಾಡಿಸಿ. ಆದರೆ "ಏನೂ ಆಗಂಗಿಲ್ಲ" ಅಂತ ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ಹಾಗೆ ಹೇಳಿ ಕಳಿಸಿದರೆ ಅವತ್ತು ರಾತ್ರಿ ಕೂಸಿನ ಮೈ ಸುಡುವಾಗ ಆ ತಾಯಿಗೆ ನನ್ನ ಮೇಲೂ ನಂಬಿಕೆ ಹೋಗುತ್ತದೆ, ಮುಂದಿನ ಸೂಜಿಯ ಮೇಲೂ ಹೋಗುತ್ತದೆ.

ಏನೇನು ಆಗುತ್ತದೆ ಅಂತ ಮೊದಲೇ ಗೊತ್ತಿರಲಿ. ಆರು, ಹತ್ತು, ಹದಿನಾಲ್ಕನೇ ವಾರಕ್ಕೆ ಎಡ ತೊಡೆಗೆ ಹಾಕುವ ಪೆಂಟಾ ಸೂಜಿಯಲ್ಲಿ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ, ಹಿಬ್ (ಕೂಸುಗಳಿಗೆ ನ್ಯುಮೋನಿಯಾ, ಮೆದುಳು ಜ್ವರ ತರುವ ರೋಗಾಣು) ಅಂತ ಐದು ಕಾಯಿಲೆಗಳ ಲಸಿಕೆ ಇರುತ್ತದೆ. ಬಹಳ ಕೂಸುಗಳಿಗೆ ಅವತ್ತು ರಾತ್ರಿ ಜ್ವರ ಬರುತ್ತದೆ, ತೊಡೆ ಕೆಂಪಾಗಿ ಗಂಟು ಕಟ್ಟುತ್ತದೆ, ಎತ್ತಿಕೊಂಡರೂ ಅಳು ನಿಲ್ಲುವುದಿಲ್ಲ. ಒಂದೆರಡು ದಿನಕ್ಕೆ ಇಳಿಯುತ್ತದೆ. ಹುಟ್ಟಿದಾಗ ಎಡ ತೋಳಿಗೆ ಹಾಕುವ ಕ್ಷಯದ ಲಸಿಕೆ ಬಿಸಿಜಿ ಕೆಲವು ವಾರದ ಮೇಲೆ ಗುಳ್ಳೆಯಾಗಿ, ಕೀವಾಗಿ, ಕಲೆ ಬಿಟ್ಟು ಒಣಗುತ್ತದೆ. ಅದಕ್ಕೆ ಅರಿಶಿನ, ಮುಲಾಮು ಏನೂ ಹಚ್ಚಬೇಡಿ. ಒಂಬತ್ತು ತಿಂಗಳಿಗೆ ಹಾಕುವ ದಡಾರ-ರುಬೆಲ್ಲಾ ಸೂಜಿಯ ಜ್ವರ ಒಂದು ವಾರ ಬಿಟ್ಟು ಬರುತ್ತದೆ, ಹತ್ತು ಹನ್ನೆರಡು ದಿನದವರೆಗೂ ಬರಬಹುದು, ಕೆಲವರಿಗೆ ಮೈಮೇಲೆ ಸಣ್ಣ ಗುಳ್ಳೆಯೂ ಏಳುತ್ತವೆ. ಅಪರೂಪಕ್ಕೆ ಜ್ವರದಲ್ಲಿ ಫಿಟ್ಸ್ ಬರುತ್ತದೆ. ನೋಡುವವರ ಜೀವ ಬಾಯಿಗೆ ಬರುತ್ತದೆ, ಕೂಡಲೇ ದವಾಖಾನೆಗೆ ಒಯ್ಯಲೇಬೇಕು, ಆದರೆ ಅದು ಸಾಮಾನ್ಯವಾಗಿ ಕೂಸಿಗೆ ಏನೂ ಉಳಿಸಿ ಹೋಗುವುದಿಲ್ಲ.

ನಿಜವಾದ ದೊಡ್ಡ ಅಪಾಯಗಳೂ ಇವೆ. ಜೀವಕ್ಕೆ ಕುತ್ತು ತರುವಂಥ ಅಲರ್ಜಿ ಸುಮಾರು ಹತ್ತು ಲಕ್ಷ ಡೋಸ್‌ಗೆ ಒಂದು. ಬಂದರೆ ಹೆಚ್ಚಾಗಿ ಕೆಲವೇ ನಿಮಿಷದಲ್ಲಿ ಬರುತ್ತದೆ, ಅರ್ಧ ತಾಸು ಅಲ್ಲೇ ಕೂತುಕೊಳ್ಳಿ ಅಂತ ಸಿಸ್ಟರ್ ಹೇಳುವುದು ಅದಕ್ಕೇ. ಪೋಲಿಯೋ ಹನಿಯಿಂದಲೇ ಕೈಕಾಲು ಸೋಲುವುದು ಸುಮಾರು 27 ಲಕ್ಷ ಡೋಸ್‌ಗೆ ಒಂದು. ಇದನ್ನು ಯಾರೂ ಮುಚ್ಚಿಟ್ಟಿಲ್ಲ. ಇಂಥ ಅಪಾಯ ತಗ್ಗಿಸಲೆಂದು 2016ರಲ್ಲಿ ಆ ಹನಿಯಲ್ಲಿದ್ದ ಮೂರು ಬಗೆಯ ದುರ್ಬಲ ಪೋಲಿಯೋ ವೈರಸ್‌ನಲ್ಲಿ ಒಂದನ್ನು ತೆಗೆದರು, ಅದಕ್ಕೂ ಸ್ವಲ್ಪ ಮೊದಲು ಪೋಲಿಯೋ ಸೂಜಿ ಶುರುವಾಯಿತು.

ಇಲ್ಲೇ ನನ್ನ ಅಂಗಡಿಯ ಒಂದು ಮಾತು ಹೇಳಿಬಿಡುತ್ತೇನೆ. ಪ್ಯಾರಸಿಟಮಾಲ್ ಹನಿ ಬೇರೆ, ಸಿರಪ್ ಬೇರೆ. ಹನಿಯ ಬಾಟಲಿಯಲ್ಲಿ ಒಂದು ಎಂಎಲ್‌ಗೆ 100 ಮಿಲಿಗ್ರಾಂ ಇದ್ದರೆ ಸಿರಪ್‌ನಲ್ಲಿ ಐದು ಎಂಎಲ್‌ಗೆ 125 ಇರುತ್ತದೆ, ಅಂದರೆ ಹನಿ ನಾಲ್ಕು ಪಟ್ಟು ಗಟ್ಟಿ. ಅಣ್ಣನ ಸಿರಪ್ಪಿನ ಲೆಕ್ಕದಲ್ಲಿ ತಮ್ಮನಿಗೆ ಹನಿ ಕುಡಿಸಿದವರನ್ನು ನೋಡಿದ್ದೇನೆ. ಕೂಸಿನ ತೂಕ ಹೇಳಿ, ಎಷ್ಟು ಅಂತ ಕೇಳಿಯೇ ಹಾಕಿ.

ಇದಿಷ್ಟು ತಕ್ಕಡಿಯ ಒಂದು ಕಡೆ. ಇನ್ನೊಂದು ಕಡೆ ಏನಿದೆ ಅಂತ ಈಗಿನ ತಂದೆತಾಯಂದಿರು ನೋಡಿಯೇ ಇಲ್ಲ, ನೋಡುವ ಹಾಗೆ ಉಳಿದಿಲ್ಲ ಅನ್ನುವುದೇ ತೊಡಕು. ನಾನು ಒಂದು ಸಲ ತೀರಾ ಹತ್ತಿರದಿಂದ ನೋಡಿದೆ. ಕೆಲವು ವರ್ಷದ ಹಿಂದೆ ಒಬ್ಬರು ಐದು ವಾರದ ಕೂಸನ್ನು ಟವೆಲ್‌ನಲ್ಲಿ ಸುತ್ತಿಕೊಂಡು ಬಂದು ಕೆಮ್ಮಿನ ಔಷಧಿ ಕೇಳಿದರು. ಕೂಸು ಜೋರಾಗಿ ಕೆಮ್ಮುತ್ತಲೂ ಇರಲಿಲ್ಲ. ಸಣ್ಣಗೆ ನಾಲ್ಕೈದು ಸಲ ಕೆಮ್ಮಿತು, ಆಮೇಲೆ ಸುಮ್ಮನಾಯಿತು. ಉಸಿರೇ ಇಲ್ಲ. ಕೌಂಟರ್ ಮೇಲಿನ ಟ್ಯೂಬ್‌ಲೈಟ್ ಬೆಳಕಿನಲ್ಲಿ ಅದರ ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದ್ದು ನನಗೆ ಇವತ್ತಿಗೂ ಕಣ್ಣ ಮುಂದಿದೆ. ಅಪ್ಪ ಬೆನ್ನು ತಟ್ಟಿದ, ಮತ್ತೆ ಉಸಿರು ಬಂತು. ನಾನು ಔಷಧಿ ಕೊಡಲಿಲ್ಲ, ಗಾಡಿ ಮಾಡಿಸಿ ಬಾಗಲಕೋಟೆಗೆ ಕಳಿಸಿದೆ. ನಾಯಿಕೆಮ್ಮು ಅಂದರು. ಮನೆಯಲ್ಲಿ ಆರು ವರ್ಷದ ಅಣ್ಣ ಎರಡು ವಾರದಿಂದ ಕೆಮ್ಮುತ್ತಿದ್ದನಂತೆ, ಅವನಿಗೆ ಬೂಸ್ಟರ್ ಹಾಕಿಸಿರಲಿಲ್ಲ. ಕೂಸು ಬದುಕಿತು, ಬಹಳ ದಿನ ದವಾಖಾನೆಯಲ್ಲಿದ್ದು ಬಂತು. ಆರು ವಾರಕ್ಕೆ ಮೊದಲ ಪೆಂಟಾ ಸೂಜಿ ಬೀಳುವ ತನಕ ನಾಯಿಕೆಮ್ಮಿನ ಎದುರು ಕೂಸಿಗೆ ಸ್ವಂತದ ರಕ್ಷಣೆ ಇರುವುದಿಲ್ಲ, ಸುತ್ತ ಇರುವವರು ಹಾಕಿಸಿಕೊಂಡಿದ್ದರೆ ಅದೇ ಅದಕ್ಕೆ ಕಾವಲು.

ಇದೇ ನಾಯಿಕೆಮ್ಮಿನ ವಿಷಯದಲ್ಲಿ ಜಪಾನ್ ಒಂದು ಸಲ ನಿಮ್ಮ ಹಾಗೇ ಹೆದರಿತ್ತು. ಲಸಿಕೆ ಹಾಕಿದ ಮೇಲೆ ಎರಡು ಕೂಸು ತೀರಿಕೊಂಡವು ಅಂತ 1975ರಲ್ಲಿ ಲಸಿಕೆ ನಿಲ್ಲಿಸಿದರು, ಮತ್ತೆ ಶುರು ಮಾಡಿದರೂ ಜನ ಮುಂದೆ ಬರಲಿಲ್ಲ. 1974ರಲ್ಲಿ ದೇಶಕ್ಕೆಲ್ಲ ಸೇರಿ ನಾಯಿಕೆಮ್ಮು ಬಂದಿದ್ದು 400ರ ಒಳಗೆ. 1979ರಲ್ಲಿ 13,000 ದಾಟಿತು, 41 ಜನ ಸತ್ತರು.

ದಡಾರ ಬಂದರೆ ನಮ್ಮಲ್ಲಿ ಈಗಲೂ "ಅಮ್ಮ ಬಂದಾಳ" ಅಂತ ಬೇವಿನ ಸೊಪ್ಪು ಕಟ್ಟುತ್ತಾರೆ. ಅದು ಬಂದ 1000 ಮಕ್ಕಳಲ್ಲಿ ಸುಮಾರು ಒಬ್ಬರಿಗೆ ಮೆದುಳಿಗೆ ಬಾವು ಬರುತ್ತದೆ, ಒಳ್ಳೆಯ ಆಸ್ಪತ್ರೆಗಳಿರುವ ದೇಶದಲ್ಲೂ 1000ಕ್ಕೆ ಒಂದರಿಂದ ಮೂರು ಮಕ್ಕಳು ಸಾಯುತ್ತಾರೆ. ಸೂಜಿಯ ಕಡೆ ನಾವು ಲೆಕ್ಕ ಹಿಡಿದಿದ್ದು ಹತ್ತು ಲಕ್ಷದಲ್ಲಿ. ಇನ್ನು ಹನಿಯಿಂದಲ್ಲದೆ ತಾನಾಗೇ ಹರಡುವ ಪೋಲಿಯೋ, 2009ರಲ್ಲಿ ನಮ್ಮ ದೇಶದಲ್ಲಿ 741 ಮಕ್ಕಳಿಗೆ ಬಂದಿತ್ತು, ಕೊನೆಯದು 2011ರ ಜನವರಿಯಲ್ಲಿ ಹೌರಾದಲ್ಲಿ. ಅಷ್ಟೇ, ಮುಗಿಯಿತು.

ಲಸಿಕೆಯಿಂದ ಆಟಿಸಂ ಬರುತ್ತೆ ಅಂತ ವಾಟ್ಸಾಪ್‌ನಲ್ಲಿ ಓದಿದವರೂ ಬರುತ್ತಾರೆ. 1998ರಲ್ಲಿ ಬರೀ 12 ಮಕ್ಕಳ ಮೇಲೆ ಬರೆದ ಲೇಖನ ಅದರ ಮೂಲ. ಅದನ್ನು ಅಚ್ಚು ಮಾಡಿದ ಪತ್ರಿಕೆಯೇ 2010ರಲ್ಲಿ ವಾಪಸ್ ತೆಗೆದುಕೊಂಡಿತು. ಆಮೇಲೆ ಡೆನ್ಮಾರ್ಕ್‌ನಲ್ಲಿ ಆರೂವರೆ ಲಕ್ಷಕ್ಕೂ ಜಾಸ್ತಿ ಮಕ್ಕಳನ್ನು ನೋಡಿದರು, ಸಂಬಂಧ ಸಿಗಲಿಲ್ಲ.

ಆದರೆ ನಮ್ಮ ಕಡೆಯವರ ಹೆದರಿಕೆ ವಾಟ್ಸಾಪ್‌ನಿಂದ ಮಾತ್ರ ಬಂದದ್ದಲ್ಲ. 2022ರ ಜನವರಿಯಲ್ಲಿ ಪಕ್ಕದ ರಾಮದುರ್ಗ ತಾಲ್ಲೂಕಿನಲ್ಲಿ ದಡಾರ-ರುಬೆಲ್ಲಾ ಲಸಿಕೆ ಹಾಕಿಸಿಕೊಂಡ ಮೇಲೆ ಮೂರು ಕೂಸು ತೀರಿಕೊಂಡವು. ಲಸಿಕೆ ಇಟ್ಟ, ಬಳಸಿದ ರೀತಿಯಲ್ಲಿ ತಪ್ಪಾಗಿದೆ ಅಂತ ಪ್ರಾಥಮಿಕ ತನಿಖೆ ಹೇಳಿತ್ತು. ಆ ವಾರ ನನ್ನ ಅಂಗಡಿಯಲ್ಲಿ ಬೇರೆ ಮಾತೇ ಇರಲಿಲ್ಲ. ಆ ತಾಯಂದಿರ ಮುಂದೆ ಹತ್ತು ಲಕ್ಷಕ್ಕೆ ಒಂದು ಅಂತ ಯಾವ ಬಾಯಿಂದ ಹೇಳಲಿ? ಅದಕ್ಕೇ ಈ ಭಾಗ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ದಡಾರದ ಲಸಿಕೆ ಸೀಸೆಯಲ್ಲಿ ಒಣಪುಡಿಯಾಗಿ ಬರುತ್ತದೆ. ಜೊತೆಗೆ ಬರುವ ದ್ರವ ಕಲಸಿದ ಮೇಲೆ ನಾಲ್ಕು ತಾಸಿನೊಳಗೆ ಬಳಸಬೇಕು, ಅಲ್ಲಿಯವರೆಗೂ ತಂಪಾಗಿಡಬೇಕು. ಉಳಿದದ್ದು ಚೆಲ್ಲಬೇಕು. ಅದರಲ್ಲಿ ಕೆಡದಂತೆ ಕಾಯುವ ರಾಸಾಯನಿಕ ಇಲ್ಲ, ಹಾಗಾಗಿ ರೋಗಾಣು ಸೇರಿದರೆ ಬೆಳೆದು ವಿಷವಾಗುತ್ತದೆ, ಆ ವಿಷ ಕೂಸನ್ನು ತಾಸುಗಳಲ್ಲೇ ಕೊಲ್ಲಬಲ್ಲದು. ಬಿಸಿಜಿಗೂ ಇದೇ ನಾಲ್ಕು ತಾಸಿನ ನಿಯಮ.

ಹಾಗಾಗಿ ಈ ಎರಡು ಸೂಜಿ ಹಾಕಿಸುವಾಗ ಕೇಳಿ. "ಸಿಸ್ಟರ್, ಇದು ಎಷ್ಟಕ್ಕ ಒಡದದ್ದ್ರಿ?" ಅನ್ನಿ. ಸೀಸೆಯ ಮೇಲೆ ಹೊತ್ತು ಬರೆದಿರಬೇಕು. ಲೇಬಲ್ ಮೇಲೋ ಮುಚ್ಚಳದ ಮೇಲೋ ಒಂದು ಸಣ್ಣ ಗುಂಡು, ಅದರೊಳಗೆ ಚೌಕ ಇರುತ್ತದೆ. ಚೌಕ ಸುತ್ತಲಿನ ಬಣ್ಣಕ್ಕಿಂತ ತಿಳಿಯಾಗಿದ್ದರೆ ಸರಿ, ಅಷ್ಟೇ ಕಪ್ಪಾಗಿದ್ದರೆ ಆ ಸೀಸೆ ಬಿಸಿ ತಿಂದಿದೆ, ಬೇಡ ಅನ್ನಿ. ಸಿರಿಂಜ್ ನಿಮ್ಮೆದುರೇ ಹೊಸದು ಬಿಚ್ಚಲಿ. ಕೇಳಿದರೆ ಸಿಟ್ಟಾಗುತ್ತಾರೆ ಅಂತ ಸುಮ್ಮನಿರಬೇಡಿ, ನನಗೆ ಗೊತ್ತಿರುವ ಒಳ್ಳೆಯ ಸಿಸ್ಟರ್‌ಗಳು ತಾವೇ ಸೀಸೆ ತಿರುಗಿಸಿ ತೋರಿಸುತ್ತಾರೆ.

ಸುಮ್ನೆ ನೆಗಡಿ ಇದೆ ಅಂತ ಸೂಜಿ ತಪ್ಪಿಸಬೇಡಿ. ಜ್ವರ ಜೋರಾಗಿದ್ದರೆ ಮುಂದಕ್ಕೆ ಹಾಕಬಹುದು. ಹಿಂದಿನ ಸೂಜಿಗೆ ಫಿಟ್ಸ್ ಬಂದಿದ್ದರೆ, ಮೈ ಬಾತಿದ್ದರೆ ಅದನ್ನು ಡಾಕ್ಟರಿಗೆ ಹೇಳಿಯೇ ಮುಂದಿನದು.

ಹೋದ ಸಲ ಕಬ್ಬಿನ ಹಂಗಾಮಿನಲ್ಲಿ, ವಿಜಯಪುರ ಕಡೆಯ ತಾಂಡಾದಿಂದ ಕಡಿಯುವ ಗ್ಯಾಂಗ್ ಜೊತೆ ಬಂದಿದ್ದ ಹೆಣ್ಣುಮಗಳು ಐದು ತಿಂಗಳ ಕೂಸು ಎತ್ತಿಕೊಂಡು ಬಂದಳು. ಒಂದೇ ಸೂಜಿ ಆಗಿದೆ, ಲಸಿಕೆಯ ಲೆಕ್ಕ ಬರೆಯುವ ತಾಯಿ ಕಾರ್ಡ್ ಊರಲ್ಲಿ ಅತ್ತೆಯ ಟ್ರಂಕಿನಲ್ಲಿದೆ. "ಕಾರ್ಡ್ ಇಲ್ಲ, ತಡಾನೂ ಆತು, ಮತ್ತ ಮೊದಲಿಂದ ಮಾಡಸಬೇಕೇನ್ರಿ?" ಅಂದಳು. ಬೇಡ ತಂಗಿ, ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದಕ್ಕೆ, ಯಾವ ಊರಿನ ಸರ್ಕಾರಿ ದವಾಖಾನೆಯಲ್ಲಾದರೂ ಆಗುತ್ತದೆ ಅಂದೆ. ಅವಳ ಫೋನಿನಿಂದಲೇ ಅತ್ತೆಗೆ ಹೇಳಿ ಕಾರ್ಡಿನ ಫೋಟೋ ತರಿಸಿದೆವು. ಗುರುವಾರ ಸಂಜೆ ಮತ್ತೆ ಬಂದಳು, ಕೂಸಿನ ಎಡ ತೊಡೆ ಕೆಂಪಾಗಿತ್ತು, ಹನಿ ಎಷ್ಟು ಹಾಕಲಿ ಅಂತ ಕೇಳಿದಳು.