ವಲಿಯಪರಂಬದಲ್ಲಿ ಹಾಯಿದೋಣಿ: ದುಡ್ಡು ಕೊಡುವ ಮೊದಲು ಹಾಯಿ ಬಿಚ್ಚಿಸಿ ನೋಡಿ

“ಎಷ್ಟು ಗಾಳಿ ಬಂದರೂ ಅಲುಗದ ಹಳೇ ಮರದ ದೋಣಿ” ಅಂತ ಕಾಸರಗೋಡು ಜಿಲ್ಲೆಯ ವಲಿಯಪರಂಬ ಹಿನ್ನೀರಿನ ದೋಣಿಯವರು ಫೋನಿನಲ್ಲಿ ಹೇಳಿದ್ದನ್ನು ನಂಬಿ 2,000 ರೂಪಾಯಿ ಮುಂಗಡ ಕಳಿಸಿದ್ದೆ. ದಿನಕ್ಕೆ ಬಾಡಿಗೆ 4,000. ಫೆಬ್ರವರಿಯಲ್ಲಿ ನಾನು, ತಮ್ಮ, ಅವನ ಹತ್ತು ವರ್ಷದ ಮಗಳು ಕುಂಬಳೆಯಿಂದ ಹೊರಟೆವು. ರೈಲಿನಲ್ಲಿ ಹೋಗಿ ಚೆರುವತ್ತೂರಿನಲ್ಲಿ ಇಳಿದು ಆಟೋ ಹಿಡಿಯಿರಿ, ಅದೇ ಸಲೀಸು.

ಕಡವಿನಲ್ಲಿ ಕಟ್ಟಿದ್ದ ದೋಣಿ ನೋಡಿದ ಕೂಡಲೇ ಗುರುತು ಸಿಕ್ಕಿತು. ಎಂಟರ್‌ಪ್ರೈಸ್! ಮಂಗಳೂರಿನಲ್ಲಿ ಓದುವಾಗ ಎನ್‌ಸಿಸಿ ನೌಕಾ ವಿಭಾಗದಲ್ಲಿ ನಾನು ಹಾಯಿ ಹಿಡಿಯಲು ಕಲಿತದ್ದು ಇದೇ ಜಾತಿಯ ದೋಣಿಯಲ್ಲಿ. 1956ರಲ್ಲಿ ಜ್ಯಾಕ್ ಹೋಲ್ಟ್ ರೂಪಿಸಿದ್ದು, 13 ಅಡಿ ಚಿಲ್ಲರೆ ಉದ್ದ, ಇಬ್ಬರಿಗೆ ಸರಿ. ನನಗೆ ಅದರ ಮೇಲೆ ಪ್ರೀತಿಯೇ ಇದೆ. ಆದರೆ ಅದರ ಅಡಿಯಲ್ಲಿ ಭಾರವಿಲ್ಲ. ಗಾಳಿ ಏರಿದಾಗ ಕೂತವರೇ ಮೈ ಹೊರಚಾಚಿ ತೂಗಿಸಬೇಕು, ತಪ್ಪಿದರೆ ಮಗುಚುತ್ತದೆ. ಗಾಳಿಯ ನೀರಿಗೆಂದೇ ಕಟ್ಟಿದ ದೋಣಿಯ ರೀತಿಯೇ ಬೇರೆ. ಅಮೆರಿಕದ ಬಝರ್ಡ್ಸ್ ಕೊಲ್ಲಿಯ ಮಕ್ಕಳಿಗಾಗಿ 1914ರಲ್ಲಿ ಹೆರೆಶಾಫ್ ರೂಪಿಸಿದ ಪುಟ್ಟ ದೋಣಿಯಲ್ಲಿ ಹೆಚ್ಚುಕಡಿಮೆ ಅರ್ಧ ತೂಕ ಅಡಿಯ ಸೀಸದ್ದೇ.

ಹಾಯಿ ಬಿಚ್ಚಿಸಿದರೆ ಅದನ್ನು ಮಡಿಚಿ ಕಟ್ಟಿ ಚಿಕ್ಕದು ಮಾಡಲು ರೀಫ್‌ನ ತೂತುಗಳೇ ಇಲ್ಲ. ಗಾಳಿಯ ವೇಗ ಎರಡರಷ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕರಷ್ಟಾಗುತ್ತದೆ. ಇದು ಗೊತ್ತಿದ್ದೂ ನಾನು ಹೊರಟದ್ದು ದೊಡ್ಡ ತಪ್ಪು. ಮಗುವಿನ ಅಳತೆಯ ಲೈಫ್ ಜಾಕೆಟ್ ಕೂಡ ಇರಲಿಲ್ಲ, ಹಟ ಹಿಡಿದು ಪಕ್ಕದ ಹೌಸ್‌ಬೋಟಿನವರಿಂದ ಕೇಳಿ ತಂದೆ.

ಬೆಳಿಗ್ಗೆ ನೆಲದ ಕಡೆಯಿಂದ ಮಂದ ಗಾಳಿ, ಸುಖವಾಗಿ ಸಾಗಿದೆವು. ಹನ್ನೆರಡರ ಹೊತ್ತಿಗೆ ನೆಲ ಕಾದು ಪಡುಗಾಳಿ ಎದ್ದಿತು. ಸಮುದ್ರಕ್ಕೂ ಹಿನ್ನೀರಿಗೂ ನಡುವೆ ಇರುವುದು ಒಂದು ತೆಳು ಮರಳಪಟ್ಟಿ ಮಾತ್ರ, ಗಾಳಿಗೆ ತಡೆ ಎಲ್ಲಿ? ಆಗ ಕಂಡದ್ದು ಪಚ್ಚಿಲೆ, ಅಂದರೆ ತಿನ್ನುವ ಕಡಲಚಿಪ್ಪು, ಸಾಕಣೆಯ ಬಿದಿರುಗಳು. ಡಿಸೆಂಬರ್ ಸುಮಾರಿಗೆ ಹಗ್ಗಕ್ಕೆ ಮರಿ ಕಟ್ಟಿ ಇಳಿಬಿಟ್ಟರೆ, ಮಳೆಯ ಸಿಹಿನೀರು ಬರುವ ಮೊದಲು ಕೀಳುತ್ತಾರೆ. ದೋಣಿ ಪಕ್ಕಕ್ಕೆ ಸರಿಯದಂತೆ ನೀರಿಗಿಳಿಸುವ ನಡುಹಲಗೆ ಇಂಥ ಹಗ್ಗಕ್ಕೆ ಸಿಕ್ಕಿಕೊಂಡಿತು, ದೋಣಿ ವಾಲಿ ನೀರು ಒಳಗೆ ಬಂತು. ಸಾಕಣೆಯವರೊಬ್ಬರು ಪುಟ್ಟ ದೋಣಿಯಲ್ಲಿ ಬಂದು, ನಮ್ಮ ಹಾಯಿ ಇಳಿಸಿ, ಹಲಗೆ ಎತ್ತಿಸಿ ಬಿಡಿಸಿದರು. ಅವರ ಬೆಳೆಗೆ ಹಾನಿಯಾಗಿತ್ತು, ಆದರೂ ಒಂದು ಪೈಸೆ ಮುಟ್ಟಲಿಲ್ಲ. ದೋಣಿಯವರು ಮಾತ್ರ ಹಲಗೆಗೆ ಗೀರು ಬಿದ್ದಿದೆ ಅಂತ 1,500 ಕಿತ್ತರು. ಹಳೇ ಗೀರುಗಳ ಫೋಟೋ ಮೊದಲೇ ತೆಗೆದಿಟ್ಟುಕೊಳ್ಳಿ.

ಆ ದಿನ ನಮ್ಮನ್ನು ಉಳಿಸಿದ್ದು ಪಡನ್ನ ರಸ್ತೆಯ ಬದಿಯ ಹೆಂಚಿನ ಹೋಟೆಲು. ಬೋರ್ಡಿಲ್ಲ, ಮೂರು ಬೆಂಚು. ಅಲ್ಲಿ ಅರಿಕಡುಕ್ಕ ಕೇಳಿ. ಪಚ್ಚಿಲೆಯ ಚಿಪ್ಪಿನೊಳಗೆ ತೆಂಗು, ಸಣ್ಣ ಈರುಳ್ಳಿ, ಜೀರಿಗೆ ಸೇರಿಸಿ ರುಬ್ಬಿದ ಅಕ್ಕಿಹಿಟ್ಟು ತುಂಬಿ, ಹಬೆಯಲ್ಲಿ ಬೇಯಿಸಿ, ಚಿಪ್ಪು ತೆಗೆದು ಮೆಣಸಿನ ಮಸಾಲೆ ಸವರಿ ಕಾಯಿಸುತ್ತಾರೆ. ಹೊರಗೆ ಗರಿ, ಒಳಗೆ ಮೆತ್ತಗೆ, ನಡುವೆ ಪಚ್ಚಿಲೆಯ ಉಪ್ಪುಸಿಹಿ. ಬೆಳಗಿನಿಂದ ಮಾತೇ ಆಡದಿದ್ದ ಹುಡುಗಿ ಆರು ತಿಂದಳು. ಮೂವರಿಗೂ ಚಹಾ ಸೇರಿ 240 ರೂಪಾಯಿ. ಹೋಟೆಲಿನ ಅಮ್ಮ ನಮ್ಮ ಕನ್ನಡ ಕೇಳಿ ತಮ್ಮ ತವರು ಮಂಜೇಶ್ವರ ಅಂದರು, ಒದ್ದೆ ಬಟ್ಟೆ ಒಣಹಾಕಲು ಒಲೆಯ ಪಕ್ಕ ಜಾಗ ಕೊಟ್ಟರು.

ಹಾಯಿಯ ಆಸೆಯಿದ್ದರೆ ಖಂಡಿತ ಹೋಗಿ, ಆದರೆ ಇಬ್ಬರೇ ಹೋಗಿ. ಅಳಿವೆಯ ಕಡೆ ತಿರುಗಬೇಡಿ, ಬಿದಿರು ಕಂಡಲ್ಲಿ ನಡುಹಲಗೆ ಎತ್ತಿ. ಏಳಕ್ಕೆ ಹೊರಟು ಹನ್ನೊಂದಕ್ಕೆ ದಡ ಸೇರಿ. ಅರಿಕಡುಕ್ಕದ ಮೊದಲ ಒಬ್ಬೆ ಬಾಣಲೆಯಿಂದ ಇಳಿಯುವುದು ಹನ್ನೊಂದೂವರೆಗೆ.