ಫೋನ್-ಇನ್‌ನ ಒಂದು ತಾಸು

ಊರಿನ ರೇಡಿಯೋದಿಂದ ಮಾತು ಹೋಯಿತು ಎಂಬ ಕೊರಗಿದೆ. ಹೋದದ್ದು ಏನು ಎಂದು ತಿಳಿಯಲು ಫೋನ್-ಇನ್, ಅಂದರೆ ಕೇಳುಗರು ಫೋನ್ ಮಾಡಿ ಪ್ರಶ್ನೆ ಕೇಳುವ ಕಾರ್ಯಕ್ರಮದ ಒಂದು ತಾಸು ನೋಡಬೇಕು. ಹತ್ತು ಗಂಟೆಯ ನೇರ ಫೋನ್-ಇನ್‌ಗೆ ಒಂಬತ್ತೂಮುಕ್ಕಾಲಕ್ಕೇ ಫೋನ್ ಹೊಡಕೊಳ್ಳತೊಡಗುತ್ತದೆ. ಗಾಜಿನ ಆಚೆ ಕೂತು ಅದನ್ನು ಎತ್ತುವವರೇ ಆ ತಾಸಿನ ಅರ್ಧ ಜೀವ. "ಯಾರ್ರೀ, ಯಾವೂರಿಂದ್ರೀ, ಏನ್ ಕೇಳೋದೈತ್ರೀ?" ಇಷ್ಟರಲ್ಲೇ ಅವರು ಆಳನ್ನು ಅಳೆಯಬೇಕು. ಅಂಜುವವರಿಗೆ ಧೈರ್ಯ ಹೇಳಬೇಕು, ಉದ್ದಕ್ಕೆ ಎಳೆಯುವವರ ಮಾತನ್ನು ಒಂದು ಪ್ರಶ್ನೆಗೆ ತಂದು ನಿಲ್ಲಿಸಬೇಕು. ಕಡೆಗೆ ತಪ್ಪದೆ ಹೇಳುವ ಮಾತು, "ಮೊದಲ ರೇಡಿಯೋ ಬಂದ್ ಮಾಡ್ರಿ."

ಬಂದ್ ಮಾಡದಿದ್ದರೆ ಮನೆಯ ರೇಡಿಯೋ ದನಿ ಫೋನಿನೊಳಗೆ ಹೊಕ್ಕು ಮತ್ತೆ ಪ್ರಸಾರಕ್ಕೆ ಹೋಗುತ್ತದೆ, ಸುತ್ತಿ ಸುತ್ತಿ ಕೀರಲು ಹಿಡಿಯುತ್ತದೆ. ಮೊಬೈಲ್ ಆ್ಯಪ್‌ನಲ್ಲಿ ಕೇಳುವವರದು ಬೇರೆ ತೊಡಕು. ಅಲ್ಲಿ ದನಿ ಹಲವು ಸೆಕೆಂಡ್ ತಡವಾಗಿ ಬರುತ್ತದೆ. ಪ್ರಶ್ನೆಯ ನಡುವೆ ತಮ್ಮದೇ "ನಮಸ್ಕಾರ್ರಿ" ಕೇಳಿಸಿ ಮಾತಾಡುವವರು ತಡವರಿಸಿ ನಿಂತೇಬಿಡುತ್ತಾರೆ.

ಸ್ಟುಡಿಯೋ ಕಡೆ ಹೈಬ್ರಿಡ್ ಎಂಬ ಪೆಟ್ಟಿಗೆ ಇರುತ್ತದೆ. ಫೋನಿನ ಎರಡು ತಂತಿಯ ಮೇಲೆ ಹೋಗುವ, ಬರುವ ದನಿಗಳನ್ನು ಬೇರ್ಪಡಿಸುವುದು ಅದರ ಕೆಲಸ. ಕರೆ ಮಾಡಿದವರಿಗೆ ಸ್ಟುಡಿಯೋದ ದನಿಯೆಲ್ಲ ಹೋಗಬೇಕು, ಅವರದೇ ದನಿ ಮಾತ್ರ ಹೋಗಬಾರದು. ದನಿಗಳನ್ನು ಬೆರೆಸುವ ಕನ್ಸೋಲ್‌ನಲ್ಲಿ ಇದು ತಪ್ಪಿದರೆ ಅವರಿಗೆ ಬಾವಿಯೊಳಗೆ ಮಾತಾಡಿದಂತೆ ಕೇಳಿಸುತ್ತದೆ. ಮಾಮೂಲಿ ಫೋನು 300ರಿಂದ 3400 ಹರ್ಟ್ಸ್‌ವರೆಗಿನ ದನಿಯನ್ನಷ್ಟೇ ದಾಟಿಸುವುದರಿಂದ ಸ, ಶ, ಫ ಮಸುಕಾಗುತ್ತವೆ. ಅದಕ್ಕೇ ಪಳಗಿದ ಉದ್ಘೋಷಕರು "ಸವಣೂರಿಂದ ಅಂದ್ರಲ್ಲಾ?" ಎಂದು ಊರ ಹೆಸರನ್ನು ಇನ್ನೊಮ್ಮೆ ಹೇಳುತ್ತಾರೆ.

ಇನ್ನು ಒಂದು ಕರೆ. ಬ್ಯಾಡಗಿ ಕಡೆಯ ರೈತರು: "ಮೆಣಸಿನ ಗಿಡ ಮುಟುರಾಗೈತ್ರಿ, ಏನ್ ಹೊಡೀಲಿ?" ಗೊತ್ತಿರುವ ತಜ್ಞರು ಔಷಧದ ಹೆಸರು ಹೇಳುವುದಿಲ್ಲ, ತಿರುಗಿ ಕೇಳುತ್ತಾರೆ: "ಎಲಿ ಮ್ಯಾಲಕ್ಕ ಮಡಚ್ಯಾವೋ, ಕೆಳಕ್ಕೋ?" ಮೇಲಕ್ಕೆ ದೋಣಿಯಂತೆ ಮಡಚಿದ್ದರೆ ಥ್ರಿಪ್ಸ್ ನುಸಿ, ಕೆಳಕ್ಕೆ ಬಾಗಿದ್ದರೆ ಮೈಟ್ ನುಸಿ. ಮೈಟ್ ನುಸಿಗೆ ನೀರಲ್ಲಿ ಬೆರೆಯುವ ಗಂಧಕ ಲೀಟರಿಗೆ 3 ಗ್ರಾಂ; ಥ್ರಿಪ್ಸ್‌ಗೆ ಅದು ನಾಟುವುದಿಲ್ಲ. ಆಮೇಲೆ ಎರಡನೆಯ ಪ್ರಶ್ನೆ: "ನಿಮ್ಮ ಕ್ಯಾನ್ ಎಷ್ಟ ಲೀಟರಿಂದು?" ಹೊಲದಲ್ಲಿ ಲೆಕ್ಕ ನಡೆಯುವುದು ಕ್ಯಾನಿನ ಮೇಲೆ. 16 ಲೀಟರಿನದಾದರೆ 48 ಗ್ರಾಂ, ಅದೂ ಬಿಸಿಲೇರುವ ಮುಂಚೆ. ಕಾದ ಮಧ್ಯಾಹ್ನ ಗಂಧಕ ಹೊಡೆದರೆ ಎಲೆ ಸುಡುತ್ತದೆ.

ಈಗ ಬಹಳ ಕಡೆ ಈ ಜಾಗಕ್ಕೆ ವಾಟ್ಸಾಪ್ ದನಿ ಬಂದಿದೆ. ಅರ್ಧ ನಿಮಿಷದ ಪ್ರಶ್ನೆ ಬರುತ್ತದೆ, ಕತ್ತರಿಸಿ ಚೊಕ್ಕ ಮಾಡಿ ಹಾಕುತ್ತಾರೆ. ಕೇಳಲು ಹಿತವೇ. ಆದರೆ ಎಲೆ ಯಾವ ಕಡೆ ಮಡಚಿದೆ ಎಂದು ಅದನ್ನು ಕೇಳಲಾಗುವುದಿಲ್ಲ. ತಜ್ಞರು ಅಂದಾಜಿನ ಮೇಲೆ ಎರಡಕ್ಕೂ ಸಲ್ಲುವಂಥ ಉತ್ತರ ಕೊಡುತ್ತಾರೆ, ರೈತರು ಎರಡನ್ನೂ ಕೊಂಡು ಹೊಡೆಯುತ್ತಾರೆ. ಊರಿನ ರೇಡಿಯೋದಿಂದ ಮಾತು ಹೋಯಿತು ಎಂದರೆ ನನ್ನ ಮಟ್ಟಿಗೆ ಈ ಮರುಪ್ರಶ್ನೆ ಹೋಯಿತು ಎಂದೇ ಅರ್ಥ.

ಹೋಗಿದ್ದಕ್ಕೆ ಮುಖ್ಯ ಕಾರಣ ಖರ್ಚು. ನೇರ ಮಾತಿನ ಒಂದು ತಾಸಿಗೆ ಉದ್ಘೋಷಕರು, ತಜ್ಞರು, ಫೋನ್ ಎತ್ತುವವರು, ಕನ್ಸೋಲ್ ನೋಡುವವರು ಎಂದು ನಾಲ್ಕು ಜನ ಬೇಕು. ಹಾಡಿನ ನಡುವೆ ಮುದ್ರಿಸಿಟ್ಟ ಮಾತಾದರೆ ಒಬ್ಬರೇ ಸಾಕು, ಅದೂ ನಾಲ್ಕು ಊರಿಗೆ. ನಿಯಮ ಅಡ್ಡ ಬಂತು ಎಂಬ ಸಬೂಬನ್ನು ನಾನು ಒಪ್ಪುವುದಿಲ್ಲ. ಖಾಸಗಿ ಎಫ್‌ಎಂಗೆ ಸ್ವಂತ ಸುದ್ದಿ ನಿಷಿದ್ಧ, ನಿಜ; ಆದರೆ ನೀರು, ಕರೆಂಟು, ಸಂಚಾರ, ಹವಾಮಾನದ ಮಾಹಿತಿಗೆ ಅಡ್ಡಿಯಿಲ್ಲ. ದಿನಗಟ್ಟಲೆ ನಳದ ದಾರಿ ಕಾಯ್ದ ಹುಬ್ಬಳ್ಳಿಗೆ, ಯಾವ ಓಣಿಗೆ ಯಾವಾಗ ನೀರು ಬಿಡುತ್ತಾರೆಂಬುದೇ ಒಂದು ತಾಸಿನ ಮಾತಾಗುತ್ತದೆ.

ಕೇಳುವ ಯಂತ್ರವೂ ಕೈಬಿಡುತ್ತಿದೆ. 1950ರ ಜನವರಿ 8ರಂದು ಶುರುವಾದ ಧಾರವಾಡ ಆಕಾಶವಾಣಿಯ ಮೀಡಿಯಂ ವೇವ್ 765 ಕಿಲೋಹರ್ಟ್ಸ್, ಗದಗ, ಹಾವೇರಿಯನ್ನೂ ಮುಟ್ಟುತ್ತದೆ. ಆದರೆ ಮೊಬೈಲ್‌ನಲ್ಲಿ ಮೀಡಿಯಂ ವೇವ್ ಇಲ್ಲ. ಇಯರ್‌ಫೋನ್ ತಂತಿಯೇ ಏರಿಯಲ್ ಆಗಿದ್ದರಿಂದ ಅದನ್ನು ಸಿಕ್ಕಿಸುವ ತೂತು ಹೋದ ಫೋನುಗಳಲ್ಲಿ ಎಫ್‌ಎಂ ಸಹ ಹೋಯಿತು. ಟ್ರಾನ್ಸಿಸ್ಟರ್ ಉಳಿಸಿಕೊಂಡವರಿಗೆ ಅಗ್ಗದ ಎಲ್‌ಇಡಿ ಬಲ್ಬು, ಚಾರ್ಜರುಗಳ ಗುಂಯ್ ಸದ್ದು. ಅವನ್ನು ಕಿತ್ತು, ಸೆಟ್ಟನ್ನು ಕಿಟಕಿಗೆ ತಂದು, ನಿಂತಲ್ಲೇ ಕಾಲು ಸುತ್ತು ತಿರುಗಿಸಿ ನೋಡಬೇಕು. ಒಳಗಿನ ಫೆರೈಟ್ ಕಡ್ಡಿ ದಿಕ್ಕು ಹಿಡಿದರೆ ದನಿ ತಿಳಿಯಾಗುತ್ತದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಮುದಾಯ ಬಾನುಲಿ 2007ರಿಂದ ಇದೆ, ಎಫ್‌ಎಂ 90.4 ಮೆಗಾಹರ್ಟ್ಸ್‌ನಲ್ಲಿ. ಆದರೆ ಸಮುದಾಯ ಬಾನುಲಿಗೆ ಸಾಮಾನ್ಯವಾಗಿ ಕೊಡುವುದು 100 ವ್ಯಾಟ್ ಶಕ್ತಿ. ಅದು ಬ್ಯಾಡಗಿ ಮುಟ್ಟುವುದಿಲ್ಲ.

ಹನ್ನೊಂದಕ್ಕೆ ಕೆಂಪು ದೀಪ ಆರಿದ ಮೇಲೂ ಫೋನ್ ನಿಲ್ಲುವುದಿಲ್ಲ. ಎತ್ತುವವರು ಲಾಂಗ್ ಬುಕ್ಕಿನಲ್ಲಿ ಹೆಸರು, ಊರು, ಪ್ರಶ್ನೆ ಬರೆದುಕೊಂಡು "ಮುಂದಿನ ವಾರ ಮೊದಲ ನಿಮ್ಮದ ತಗೋತೀವ್ರಿ" ಅನ್ನುತ್ತಾರೆ. ಮುಂದಿನ ವಾರ ಯಾವ ತಜ್ಞರನ್ನು ಕರೆಯಬೇಕು ಎಂಬುದು ಆ ಪುಟದಿಂದಲೇ ಗೊತ್ತಾಗುತ್ತದೆ.